ಬೀಗ ತೆಗೆಯುವ ಕ್ರಮ

ನನ್ನದು ಅಂಗೈಯಗಲದ ಕಂಪ್ಯೂಟರ್ ಬೋರ್ಡುಗಳ ಕೆಲಸ. ಶಾಲೆಯ ಉದಾಹರಣೆಯಿಂದಲೇ ಹೇಳುತ್ತೇನೆ. ಬೆಳಿಗ್ಗೆ ಜವಾನರು ಬೀಗ ತೆಗೆದು ಗಂಟೆ ಬಾರಿಸಿದ ಮೇಲೆ ಮೇಷ್ಟ್ರು ಪಾಠ ಶುರು ಮಾಡುತ್ತಾರೆ. ಬೋರ್ಡಿನಲ್ಲಿ ಬೀಗ ತೆಗೆಯುವುದು ಬೂಟ್‌ಲೋಡರ್. ಮೇಷ್ಟ್ರು ಎಂದರೆ ಲಿನಕ್ಸ್‌ನಂಥ ಆಪರೇಟಿಂಗ್ ಸಿಸ್ಟಮ್.

ವರ್ಗವಾಗಿ ಬಂದ ಮೇಷ್ಟ್ರು ಯಾವ ಸರ್ಕಾರಿ ಶಾಲೆಯಲ್ಲಾದರೂ ಮರುದಿನವೇ ಪಾಠ ಮಾಡಬಲ್ಲರು. ಗಂಟೆ, ಹಾಜರಿ ಪುಸ್ತಕ ಎಲ್ಲ ಕಡೆಯೂ ಒಂದೇ ಕ್ರಮ. ಪಿಸಿಗಳಲ್ಲೂ ಹಾಗೆಯೇ. ಸಣ್ಣ ಬೋರ್ಡುಗಳಲ್ಲಿ ಮಾತ್ರ ಒಂದೊಂದಕ್ಕೆ ಒಂದೊಂದು ರೀತಿ. ಎಷ್ಟೋ ಬೋರ್ಡುಗಳಲ್ಲಿ ತಯಾರಕರು ಕೊಟ್ಟ ಲಿನಕ್ಸ್ ಒಂದೇ ಗತಿ. ಅವರು ಕೈಬಿಟ್ಟರೆ ಭದ್ರತೆಯ ತಿದ್ದುಪಡಿಗಳೂ ನಿಂತವು. ಏನೂ ಕೆಡದ ಬೋರ್ಡುಗಳನ್ನು ನಾನೇ ಒಂದು ಪೆಟ್ಟಿಗೆ ತುಂಬ ಮೂಲೆಗೆ ಹಾಕಿದ್ದೇನೆ. ಆ ದಿನ ಹೊಟ್ಟೆ ಉರಿಯಿತು.

ಇದಕ್ಕೆಂದೇ 2019ರಲ್ಲಿ ಇಬಿಬಿಆರ್ ಎಂಬ ನಿಯಮಾವಳಿಯ ಮೊದಲ ಆವೃತ್ತಿ ಬಂತು. ಪಿಸಿಗಳ ಯುಇಎಫ್‌ಐ ಪದ್ಧತಿಯಿಂದ ಬೇಕಾದಷ್ಟನ್ನೇ ಅದು ಆರಿಸಿಕೊಂಡಿದೆ. ಬೂಟ್‌ಲೋಡರ್ ಆಪರೇಟಿಂಗ್ ಸಿಸ್ಟಮ್ಮನ್ನು ಗೊತ್ತಾದ ಜಾಗದಲ್ಲಿ ಹುಡುಕಬೇಕು. ಬೋರ್ಡಿನಲ್ಲಿ ಏನೇನು ಎಲ್ಲೆಲ್ಲಿದೆ ಎಂಬ ಪಟ್ಟಿಯನ್ನು ಅದಕ್ಕೆ ಒಪ್ಪಿಸಬೇಕು. ಈ ಪಟ್ಟಿ ಸಾಮಾನ್ಯವಾಗಿ ಡಿವೈಸ್ ಟ್ರೀ ರೂಪದಲ್ಲಿರುತ್ತದೆ. ಯು-ಬೂಟ್ ಎಂಬ ಮುಕ್ತ ತಂತ್ರಾಂಶ ಈ ಕೆಲಸ ಮಾಡಬಲ್ಲದು. ಬೋರ್ಡಿನ ಡ್ರೈವರುಗಳು ಲಿನಕ್ಸ್‌ನಲ್ಲೇ ಸೇರಿದ್ದರೆ, ಡೆಬಿಯನ್ನಿನದೋ ಫೆಡೋರಾದ್ದೋ ಒಂದೇ ಪ್ರತಿ ಹಲವು ಬೋರ್ಡುಗಳಲ್ಲಿ ನಡೆಯುತ್ತದೆ.

ಹಳೆಯ ವಿದ್ಯಾರ್ಥಿಗಳಲ್ಲಿ ಒಂದು ವಿನಂತಿ. ಶಾಲೆಗೆ ಇಂಥ ಬೋರ್ಡು ಕೊಡಿಸುವಾಗ ಬೆಲೆಯಷ್ಟೇ ಕೇಳಬೇಡಿ; "ಬೇರೆ ಲಿನಕ್ಸ್ ಹಾಕಿದರೂ ಶುರುವಾಗುತ್ತದೆಯೇ?" ಎಂದೂ ಕೇಳಿ. ನಾವು ಕೊಟ್ಟದ್ದು ನಮ್ಮ ನಂತರ ಬರುವ ಮಕ್ಕಳಿಗೂ ಉಪಯೋಗವಾಗಲಿ.