ಅಂಕಿತ ಅಳಿಸದ ಅನುಕರಣೆ



ಅಪ್ಪನ ದೊಡ್ಡ ಚಪ್ಪಲಿ ಮೆಟ್ಟಿಕೊಂಡು, ಕೈ ಹಿಂದೆ ಕಟ್ಟಿ, ಅಪ್ಪನಂತೆಯೇ ಕೆಮ್ಮುತ್ತ ಅಂಗಳದಲ್ಲಿ ನಡೆಯುವ ಮಗುವನ್ನು ನೀವೆಲ್ಲ ನೋಡಿದ್ದೀರಿ. ಅದು ಚೇಷ್ಟೆಯೂ ಹೌದು, ಕಲಿಕೆಯೂ ಹೌದು. ನೋಡಿ ಮಾಡುವುದು ಮನುಷ್ಯನ ಸ್ವಭಾವ. ಆದರೆ ಮಗು ಆ ಚಪ್ಪಲಿ ತನ್ನದೆಂದು ಹೇಳುವುದಿಲ್ಲ. ಅಪ್ಪನದೆಂದು ಎಲ್ಲರಿಗೂ ಗೊತ್ತಿರುವುದರಿಂದಲೇ ಆ ಆಟ ಚೆಂದ.

ನಾನು ಸರಕಾರಿ ಇಂಜಿನಿಯರ್ ಆಗಿ ದುಡಿದವನು. ಪ್ರತಿಯೊಂದು ಸಣ್ಣ ಸೇತುವೆಗೂ ನಾವು ಹೊಸ ನಕ್ಷೆ ಹುಡುಕುವುದಿಲ್ಲ. ಇದ್ದ ನಕ್ಷೆಯನ್ನೇ ಜಾಗಕ್ಕೆ ಹೊಂದಿಸಿಕೊಳ್ಳುತ್ತೇವೆ. ಆದರೆ ನಕ್ಷೆಯ ಮೂಲೆಯಲ್ಲಿ ಬರೆದವರ, ಪರಿಶೀಲಿಸಿದವರ ಸಹಿ ಇರುತ್ತದೆ. ವಚನಗಳದ್ದೂ ಹೀಗೆಯೇ. ಶತಮಾನಗಳ ಕಾಲ ಓಲೆಗರಿಯಿಂದ ಓಲೆಗರಿಗೆ ನಕಲು ಮಾಡಿದವರು ಅಂಕಿತವನ್ನು ಉಳಿಸಿಕೊಂಡು ಬಂದರು. ಅದರಿಂದಲೇ ಬಸವಣ್ಣನವರದು ಯಾವುದು, ಅಕ್ಕನದು ಯಾವುದು ಎಂದು ಇಂದು ಗುರುತಿಸುತ್ತೇವೆ.

ಈಗ ನಮ್ಮ ಸೀಮೆಯ ಚಪ್ಪಲಿಗೆ ಬರೋಣ. ಅಥಣಿ, ನಿಪ್ಪಾಣಿ, ರಾಯಬಾಗ, ಚಿಕ್ಕೋಡಿ ಭಾಗದಲ್ಲಿ ಜಾಲಿ ತೊಗಟೆ, ಅಳಲೆಕಾಯಿಗಳಿಂದ ಹದ ಮಾಡಿದ ತೊಗಲನ್ನು ಮೊಳೆಯಿಲ್ಲದೆ ಹೊಲಿದು ಮಾಡುವ ಚಪ್ಪಲಿ ಕೊಲ್ಹಾಪುರಿ ಎಂಬ ಹೆಸರಿನಲ್ಲಿ ಮಾರಾಟವಾಗುತ್ತದೆ. 2019ರಲ್ಲಿ ಅದಕ್ಕೆ ಭೌಗೋಳಿಕ ಸೂಚಕ ಮಾನ್ಯತೆ ಬಂದಾಗ ಮಹಾರಾಷ್ಟ್ರದ 4 ಜಿಲ್ಲೆಗಳ ಜೊತೆಗೆ ನಮ್ಮ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರಗಳೂ ಸೇರಿದವು. ಚಪ್ಪಲಿಗೂ ಒಂದು ಅಂಕಿತ ಸಿಕ್ಕಿತು. 2025ರ ಜೂನ್‌ನಲ್ಲಿ ಇಟಲಿಯ ಪ್ರಾಡಾ ಕಂಪನಿ ಮಿಲಾನ್ ನಗರದ ಪ್ರದರ್ಶನದಲ್ಲಿ ಅಂಥದೇ ಚಪ್ಪಲಿಗಳನ್ನು ತೋರಿಸಿತು, ಮೂಲವನ್ನು ಹೇಳಲಿಲ್ಲ. ನಮ್ಮಲ್ಲಿ ಗದ್ದಲವೆದ್ದ ಮೇಲೆ ಒಪ್ಪಿಕೊಂಡಿತು. ಕೈಗೆ ಸಿಕ್ಕಿದ್ದನ್ನು ತನ್ನದೆನ್ನುವುದೂ ಮನುಷ್ಯ ಸ್ವಭಾವವೇ.

ನಮ್ಮ ಸಿಟ್ಟು ನ್ಯಾಯವಾದದ್ದು. ಆದರೆ ಅದೇ ಅಳತೆಯನ್ನು ನಮಗೂ ಹಚ್ಚಿ ನೋಡೋಣ. ಹರಳಯ್ಯನವರು ‘ಶರಣು’ ಎಂದಾಗ ಬಸವಣ್ಣನವರು ‘ಶರಣು ಶರಣಾರ್ಥಿ’ ಎಂದರು. ಆ ಋಣ ತೀರಿಸಲು ಹರಳಯ್ಯ, ಕಲ್ಯಾಣಮ್ಮ ದಂಪತಿಗಳು ತಮ್ಮ ತೊಡೆಯ ಚರ್ಮದಿಂದ ಚಮ್ಮಾವುಗೆ ಮಾಡಿದರೆಂಬ ಕಥೆಯನ್ನು ಎಲ್ಲ ವೇದಿಕೆಗಳಲ್ಲೂ ಹೇಳುತ್ತೇವೆ. ಶರಣರ ಮಾತು, ಶರಣರ ನಮಸ್ಕಾರ ಎಲ್ಲವನ್ನೂ ಅನುಕರಿಸುತ್ತೇವೆ. ಆದರೆ ಸಂತೆಯಲ್ಲಿ ಚಪ್ಪಲಿ ಹೊಲಿಯುವ ಅಣ್ಣನಿಗೆ ತಾವೇ ಮೊದಲು ಶರಣು ಹೇಳುವವರು ನಮ್ಮಲ್ಲಿ ಎಷ್ಟು ಜನ? ಚೌಕಾಸಿ ಮಾಡುವಾಗ ಆತನ ಹೆಸರು ಕೇಳಿದ್ದೇವೆಯೇ? ನಮ್ಮ ಮನೆಯ ಪಂಕ್ತಿಯಲ್ಲಿ ಆತನಿಗೆ ಎಲೆ ಹಾಕಿದ್ದೇವೆಯೇ? ಇಲ್ಲವಾದರೆ, ಹರಳಯ್ಯನವರ ಕಥೆಯನ್ನು ಮಾತ್ರ ಇಟ್ಟುಕೊಂಡು ಅವರನ್ನೇ ಹೊರಗೆ ನಿಲ್ಲಿಸಿದಂತಾಯಿತು.

ಬರುವ ಬಸವ ಜಯಂತಿಗೆ ಪ್ರತಿ ಊರಿನಲ್ಲೂ ಈ ಕಾಯಕ ಮಾಡುವ ತಾಯಂದಿರನ್ನೂ ಅಣ್ಣಂದಿರನ್ನೂ ಹೆಸರು ಹಿಡಿದು ಕರೆಯೋಣ, ದಾಸೋಹದಲ್ಲಿ ಒಂದೇ ಸಾಲಿನಲ್ಲಿ ಕೂಡ್ರೋಣ. ಶರಣರನ್ನು ಅನುಕರಿಸುವುದಾದರೆ ಇದರಲ್ಲಿ ಅನುಕರಿಸೋಣ.