ಹಳ್ಳದ ಹೂಳು ಹೇಳುವ ಮಾತು

ಕುಮಟೆಯಿಂದ ಹೊನ್ನಾವರ, ಭಟ್ಕಳಗಳತ್ತ ಸಾಗುವವರಿಗೆ ಬಲಕ್ಕೆ ಕಡಲು, ಎಡಕ್ಕೆ ಘಟ್ಟ. ನಡುವೆ ಕೆಂಗಲ್ಲಿನ ದಿಬ್ಬಗಳು. 1801ರಲ್ಲಿ ಈ ಕರಾವಳಿಯನ್ನು ಹಾದುಹೋದ ಫ್ರಾನ್ಸಿಸ್ ಬುಕಾನನ್, ಮಲಬಾರಿನಲ್ಲಿ ಕಂಡ ಇಂಥದೇ ಕಲ್ಲಿಗೆ ಇಟ್ಟಿಗೆಯೆಂಬರ್ಥದ ಲ್ಯಾಟಿನ್ ಮಾತಿನಿಂದ ‘ಲ್ಯಾಟರೈಟ್’ ಎಂದು 1807ರ ತನ್ನ ಗ್ರಂಥದಲ್ಲಿ ಹೆಸರಿಟ್ಟನು. ನಮ್ಮ ‘ಜಂಬಿಟ್ಟಿಗೆ’ಯಲ್ಲಿಯೂ ಇಟ್ಟಿಗೆಯೇ ಕೇಳಿಸುತ್ತದೆ.

ಈ ಕಲ್ಲನ್ನು ಮಾಡಿದ್ದು ಮಳೆ. ಅದು ಮೂಲಶಿಲೆಯ ಸುಣ್ಣ, ಸಿಲಿಕಾಗಳನ್ನು ಕರಗಿಸಿ ಒಯ್ದು, ಕಬ್ಬಿಣ, ಅಲ್ಯೂಮಿನಿಯಂಗಳನ್ನು ಉಳಿಸುತ್ತದೆ. ಬೆಟ್ಟದಿಂದ ಕೊಚ್ಚಿಬಂದ ಕಣಗಳು ಹಳ್ಳಗಳ ತಳದಲ್ಲಿ ನಿಲ್ಲುತ್ತವೆ. ಖನಿಜಾನ್ವೇಷಕರು ಆ ಹೂಳನ್ನು ಜರಡಿ ಹಿಡಿದು ಪರೀಕ್ಷಿಸುತ್ತಾರೆ. ಲೋಹದ ಅಂಶ ಹೆಚ್ಚಿದ್ದರೆ ಹರಿವಿನ ಜಾಡಿನಲ್ಲಿ ಮೇಲೇರಿ ಅದಿರಿನ ತವರನ್ನು ಅರಸುತ್ತಾರೆ.

ಅದೇ ನೀರು ಕೆಂಪು ಹೊದಿಕೆಯಡಿಯ ಜೇಡಿಯಲ್ಲಿ ತುಂಬಿ ನಿಂತರೆ, ಮಣ್ಣಿನ ಹಿಡಿತ ಸಡಿಲಿ ಗುಡ್ಡವೇ ಇಳಿಯುತ್ತದೆ. 1985ರಲ್ಲಿ ಕೊಲಂಬಿಯ ದೇಶದ ಜ್ವಾಲಾಮುಖಿಯೊಂದರ ನೆತ್ತಿಯ ಹಿಮ ಕರಗಿ, ಬೂದಿ ಕಲ್ಲುಗಳೊಡನೆ ಕೆಸರಾಗಿ ಹರಿದು ಆರ್ಮೆರೊ ಪಟ್ಟಣವನ್ನು ಹೂಳಿತು. ಇಪ್ಪತ್ತು ಸಾವಿರಕ್ಕೂ ಹೆಚ್ಚು ಜನ ಸತ್ತರು. ಅಪಾಯದ ನಕ್ಷೆ ಮೊದಲೇ ಸಿದ್ಧವಾಗಿತ್ತು! ನಮ್ಮ ಘಟ್ಟದಲ್ಲಿ ಜ್ವಾಲಾಮುಖಿಯಿಲ್ಲ. ಆದರೂ 2022ರ ಆಗಸ್ಟ್ 2ರಂದು ಭಟ್ಕಳದ ಮುಟ್ಟಳ್ಳಿಯಲ್ಲಿ ಗುಡ್ಡ ಕುಸಿದು ಒಂದೇ ಮನೆಯಲ್ಲಿದ್ದ ನಾಲ್ವರು ಮಡಿದರು.

ಕೇಳುಗರೇ, ಲೋಹಕ್ಕಾಗಿ ಮಣ್ಣನ್ನು ಓದುವ ವಿದ್ಯೆ ನಮಗುಂಟು. ಆ ಎಚ್ಚರವು ಹಿತ್ತಲ ಗುಡ್ಡಕ್ಕೂ ಸಲ್ಲಬೇಕು. ನೆಲದ ಹೊಸ ಬಿರುಕು, ವಾಲಿದ ಮರ, ಒಮ್ಮೆಗೇ ಕೆಂಪಾದ ಒರತೆ, ಇವೆಲ್ಲ ಗುಡ್ಡದ ಮಾತುಗಳೇ. ನಕ್ಷೆ ಬರೆದರಷ್ಟೇ ಸಾಲದು. ಗುಡ್ಡದ ಬುಡದಲ್ಲಿ ಮಲಗುವವನಿಗೆ ಅದು ಮಳೆಗೆ ಮುಂಚೆಯೇ ತಿಳಿದಿರಬೇಕು.