ಹಳ್ಳ ನೀರಷ್ಟೇ ತರುವುದಿಲ್ಲ

(ಹಳಿಯಾಳದ ಮಾಸಿಕ ಅನುಭಾವ ಗೋಷ್ಠಿಯಲ್ಲಿ ನಿವೃತ್ತ ಇಂಜಿನಿಯರರೊಬ್ಬರು ಆಡಿದ ಮಾತುಗಳು)

 

ಕಷ್ಟ, ಛಲ, ಸಾಹಸ ಈ ಮೂರರ ಬಗ್ಗೆ ಮಾತಾಡಬೇಕೆಂದು ಅಪ್ಪಣೆಯಾಗಿದೆ. ನನಗೆ ಎಸ್ಟಿಮೇಟ್ ಬರೆದು ರೂಢಿ, ಭಾಷಣ ಬಾರದು. ಹೋದ ತಿಂಗಳು ನನ್ನ ಮೊಮ್ಮಗ ಗೆಳೆಯರ ಸಂಗಡ ಗಣೇಶಗುಡಿಗೆ ಹೋಗಿ ರಾಫ್ಟಿಂಗ್ ಮಾಡಿ ಬಂದ. "ಅಜ್ಜಾ, ಸಾಹಸ ಅಂದ್ರ ಇದು ನೋಡು" ಅಂದ. ಸಂತೋಷವೇ. ಆದರೆ ನೀನು ತೇಲಿದ ನೀರು ಎಲ್ಲಿಂದ ಬಂತಪ್ಪಾ ಅಂತ ಕೇಳಿದರೆ ಅವನಿಗೆ ಗೊತ್ತಿರಲಿಲ್ಲ.

ಅದು ಸುಪಾ ಅಣೆಕಟ್ಟೆಯ ನೀರು. 101 ಮೀಟರ್ ಎತ್ತರದ ಆ ಕಟ್ಟೆ ಮುಗಿದದ್ದು 1987ರಲ್ಲಿ. ಬುಡದಲ್ಲಿ 50 ಮೆಗಾವಾಟಿನ ಎರಡು ಯಂತ್ರಗಳಿವೆ. ಅವು ತಿರುಗಿ ನೀರು ಬಿಟ್ಟಾಗಲೇ ತೆಪ್ಪ ಓಡುವುದು. ಕಾಳಿ, ಪಾಂಢರಿ ಎರಡೂ ಕೂಡುವಲ್ಲಿದ್ದ ಸುಪಾ ಊರು ಹಿನ್ನೀರಿನೊಳಗೆ ಹೋಯಿತು. ತಾಲ್ಲೂಕಿಗೂ ಆ ಹೆಸರು ಉಳಿಯದೆ ಜೋಯಿಡಾ ಆಯಿತು. ಊರು ಬಿಟ್ಟವರಲ್ಲಿ ಬಹಳ ಮಂದಿ ರಾಮನಗರದಲ್ಲಿ ಮತ್ತೆ ಒಲೆ ಹೂಡಿದರು. ಅವರಿಗೆ ಯಾರೂ ಲೈಫ್ ಜಾಕೆಟ್ ತೊಡಿಸಿರಲಿಲ್ಲ. ಕಲ್ಲು-ಕಾಂಕ್ರೀಟಿನ ಕಸುಬಿನವನಾದ ನಾನು ಇದನ್ನು ಹೆಮ್ಮೆಯಿಂದ ಹೇಳಲೋ, ನಾಚಿಕೆಯಿಂದ ಹೇಳಲೋ, ಇಂದಿಗೂ ತಿಳಿಯದು.

ನನ್ನದೊಂದು ತಪ್ಪನ್ನು ಹೇಳುತ್ತೇನೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಜೋಯಿಡಾ ಕಾಡಿನ ಹಳ್ಳವೊಂದಕ್ಕೆ ಮೋರಿ ಹಾಕಿಸುತ್ತಿದ್ದೆ. ಜಲಾನಯನ ಅಳೆದು, ಮಳೆ ಲೆಕ್ಕ ಹಾಕಿ, ಎರಡು ಹ್ಯೂಮ್ ಪೈಪು ಸಾಕೆಂದು ಬರೆದೆ. ಕುಣಬಿ ಸಮಾಜದ ಒಬ್ಬ ಅಜ್ಜ ಬಂದು ಹರಕು ಕನ್ನಡದಲ್ಲಿ ಹೇಳಿದರು: "ಸಾಯೇಬ್ರೇ, ಈ ಹಳ್ಳ ನೀರು ಮಾತ್ರ ತರೂದಿಲ್ಲ, ಮರಾ ಸೈತ ತರ್ತದೆ." ನಾನು ನಕ್ಕೆ. ಡಿಗ್ರಿ ಇತ್ತಲ್ಲ!

ಆಷಾಢದಲ್ಲಿ ದಿಮ್ಮಿಗಳು ಪೈಪಿನ ಬಾಯಿಗೆ ಜಡಿದು, ನೀರು ಮೇಲೇರಿ, ರಸ್ತೆಯನ್ನೇ ಕೊಚ್ಚಿಕೊಂಡು ಹೋಯಿತು. ನಾನು ಆಚೆ ದಡದಲ್ಲಿ ಸಿಕ್ಕಿಬಿದ್ದೆ. ನಾಲ್ಕು ದಿನ ಆ ಅಜ್ಜನ ಮನೆಯಲ್ಲೇ ಬೇಯಿಸಿದ ಗೆಡ್ಡೆ-ಗೆಣಸು ಊಟ. ಅವರು ಒಂದು ಮಾತೂ ಎತ್ತಿ ಆಡಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು. ಐದನೆಯ ದಿನ ಊರವರು ಬಿದಿರು ಕಡಿದು ಕಾಲುಸಂಕ ಕಟ್ಟಿದರು. ಅಂದೇ ಬಸುರಿ ಹೆಣ್ಣುಮಗಳೊಬ್ಬಳನ್ನು ಕಂಬಳಿ ಜೋಳಿಗೆಯಲ್ಲಿ ಹೊತ್ತು ದಾಟಿಸಬೇಕಾಯಿತು. ಒಂದು ಕೊನೆ ನನ್ನ ಹೆಗಲ ಮೇಲಿತ್ತು. ಸಂಕ ಅಲುಗುತ್ತಿತ್ತು, ಕೆಳಗೆ ಕೆಂಪು ನೀರು. ನನ್ನ ಲೆಕ್ಕ ಎಷ್ಟು ತೂಗುತ್ತದೆಂದು ಆಗ ಗೊತ್ತಾಯಿತು. ತಾಯಿ-ಮಗು ಉಳಿದರು.

ವರದಿಯಲ್ಲಿ ಅತಿವೃಷ್ಟಿ ಎಂದು ಬರೆದು ಕೈ ತೊಳೆದುಕೊಳ್ಳಬಹುದಿತ್ತು. ಗೆಳೆಯರೂ ಹಾಗೇ ಹೇಳಿದರು. ವಿನ್ಯಾಸ ನನ್ನದು, ತಪ್ಪು ನನ್ನದು ಎಂದು ಬರೆದೆ. ಒಂದು ವೇತನ ಬಡ್ತಿ ಹೋಯಿತು. ಮನೆಯವರು ಎರಡು ದಿನ ಮಾತು ಬಿಟ್ಟರು. ಮರುವರ್ಷ ಅಲ್ಲೇ ಅಗಲದ ಸ್ಲ್ಯಾಬ್ ಮೋರಿ ಆಯಿತು, ಎತ್ತರ ಎಷ್ಟಿರಬೇಕೆಂದು ಅಜ್ಜನನ್ನು ಕೇಳಿಯೇ ಗುರುತು ಹಾಕಿದೆ.

ಕಷ್ಟವನ್ನು ಎದುರಿಸಿದವರನ್ನು ಹುಡುಕಿ ನಾವು ದೂರ ಹೋಗಬೇಕಿಲ್ಲ. ಗೋವೆಯ ಪೋರ್ಚುಗೀಸರ ಗುಲಾಮಗಿರಿಯಿಂದ ತಪ್ಪಿಸಿಕೊಂಡು ಈ ಕಾಡು ಸೇರಿದವರ ಮಕ್ಕಳು ನಮ್ಮ ಸಿದ್ದಿಗಳು. ಪರಿಶಿಷ್ಟ ಪಂಗಡದ ಮಾನ್ಯತೆ ಅವರಿಗೆ ಸಿಕ್ಕಿದ್ದು 2003ರಲ್ಲಿ! ನಿಜಲಿಂಗಪ್ಪನವರು ಮುಖ್ಯಮಂತ್ರಿಯಾಗಿದ್ದ ಕಾಲದಲ್ಲಿ ಮುಂಡಗೋಡಿಗೆ ಬಂದ ಟಿಬೆಟಿಯನ್ನರು ಹಿಮದ ನಾಡಿನವರು; ಕಾಡು ಕಡಿದು ಗೋವಿನಜೋಳ ಬಿತ್ತಿದರು. ಅವರ ಪಕ್ಕದಲ್ಲಿದ್ದೂ ನಮ್ಮ ಮನೆಗಳಲ್ಲಿ ಮಕ್ಕಳು ಒಂದು ಪರೀಕ್ಷೆ ಹೋಯಿತೆಂದು ಬಾಗಿಲು ಹಾಕಿಕೊಂಡು ಕೂರುತ್ತಾರೆ. ಅವರನ್ನು ನಾನು ಬೈಯುವುದಿಲ್ಲ. ಸೋತದ್ದನ್ನು ನಾವು ಹಿರಿಯರು ಅವರಿಗೆ ಯಾವತ್ತು ಹೇಳಿದ್ದೇವೆ? ಈ ಮೋರಿಯ ಕಥೆಯನ್ನು ಮಗನಿಗೆ ನಾನು ಹೇಳಿರಲೇ ಇಲ್ಲ.

ಮೊನ್ನೆ ಮೊಮ್ಮಗನನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದೆ. ಅಜ್ಜ ಈಗಿಲ್ಲ. ಮೋರಿ ನಿಂತಿದೆ. ಅಡಿಯಲ್ಲಿ ಹೋದ ಮಳೆಗಾಲದ ದಿಮ್ಮಿಯೊಂದು ಅಡ್ಡ ಸಿಕ್ಕಿಕೊಂಡಿತ್ತು. ಇಬ್ಬರೂ ಪ್ಯಾಂಟು ಮಡಚಿ ಇಳಿದೆವು. ಎಳೆದು ಹೊರಹಾಕಲು ಒಂದು ತಾಸು ಹಿಡಿಯಿತು. ನನ್ನ ಮೊಣಕಾಲು ಇನ್ನೂ ನೋಯುತ್ತಿದೆ.